ಸ್ಟ್ಯಾಂಡ್ ಹಾಕಿದ ಯೆಜ್ಡಿ

ಓಡಿಸದ ಬೈಕೊಂದು ಮನೆಯಲ್ಲಿದ್ದರೆ ಅದರ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗುವುದು ಕಷ್ಟ. ದಿನಾ ಓಡುವ ಗಾಡಿಯ ತಂಟೆಗೆ ಯಾರೂ ಬರುವುದಿಲ್ಲ. ಅದೇ ಗಾಡಿ ಒಂದು ಮಳೆಗಾಲ ಪೂರ್ತಿ ಒಂದೇ ಕಡೆ ನಿಂತಿತೋ, ಹಾಲಿನವನಿಂದ ಹಿಡಿದು ಬೀಗರವರೆಗೆ ಎಲ್ಲರೂ ಸಲಹೆಗಾರರೇ. "ಕೊಟ್ಟುಬಿಡಿ ಸಾರ್, ಸುಮ್ನೆ ಜಾಗ ತಿನ್ನುತ್ತೆ" ಎನ್ನುವುದು ಒಂದು ಬಣ. "ಅಯ್ಯೋ, ಮಾರೋಕೆ ಮಾತ್ರ ಹೋಗ್ಬೇಡಿ, ಮುಂದೆ ಬಂಗಾರದ ಬೆಲೆ ಬರುತ್ತೆ" ಎನ್ನುವುದು ಇನ್ನೊಂದು. ಎರಡೂ ಬಣದವರು ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದಾರೆ: ಅದರ ಮೇಲಿನ ಧೂಳು ಒರೆಸುವ ಕೆಲಸ ನನ್ನದು.

ಗಾಡಿ 1988ರ ಯೆಜ್ಡಿ ರೋಡ್‌ಕಿಂಗ್. ಕಪ್ಪು ಬಣ್ಣ. ಇರುವ ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರ್. ಈ ದುಂದು ಯಾಕೆಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೊಸೈಟಿ ಸಾಲ ತೆಗೆದು ಕೊಂಡದ್ದು. ಮದುವೆಯಾದ ಮೇಲೆ ಸೀರೆ ಗಾರ್ಡ್ ಬಂತು. ಮಗ ಹುಟ್ಟಿದ ಮೇಲೆ, ಅವನು ಮುಂದೆ ಕೂರುವುದಕ್ಕೆಂದು, ಟ್ಯಾಂಕಿನ ಮೇಲೊಂದು ಮಡಿಸಿದ ಟವೆಲ್ ಬಂತು. ಆಮೇಲೆ ಸ್ಕೂಟರ್ ಬಂತು, ಕಾರು ಬಂತು, ಮಂಡಿನೋವು ಬಂತು. ಸರಸ್ವತಿಪುರಂನ ಹಳೇ ಮನೆಯಲ್ಲಿದ್ದಾಗ ಕಾಂಪೌಂಡಿನ ಪಕ್ಕ ತಗಡಿನ ಶೆಡ್ ಇತ್ತು, ಯಾರಿಗೂ ತೊಂದರೆ ಇರಲಿಲ್ಲ. ಈಗ ಅಪಾರ್ಟ್‌ಮೆಂಟು. ಫ್ಲಾಟಿಗೊಂದೇ ಕಾರಿನ ಜಾಗ. ಕಾರಿನ ಮೂತಿಗೂ ಗೋಡೆಗೂ ನಡುವೆ ಯೆಜ್ಡಿಯನ್ನು ಅಡ್ಡ ನಿಲ್ಲಿಸಿದ್ದೇನೆ. "ಬಳಕೆಯಲ್ಲಿಲ್ಲದ ವಾಹನಗಳನ್ನು ತೆರವುಗೊಳಿಸತಕ್ಕದ್ದು" ಎಂಬ ಸೂಚನೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿಗೆ ಆಗಾಗ ಬರುತ್ತಿರುತ್ತದೆ. ಹೆಸರು ಹಾಕುವುದಿಲ್ಲ. ಫೋಟೊ ಹಾಕುತ್ತಾರೆ.

ಬೇರೆ ಊರಾಗಿದ್ದರೆ ವಿಷಯ ಇಷ್ಟು ಜಟಿಲವಾಗುತ್ತಿರಲಿಲ್ಲವೇನೋ. ಮೈಸೂರಿನಲ್ಲಿ ಯೆಜ್ಡಿ ಎಂದರೆ ಊರಿನ ಸರಕು. ವೀಳ್ಯದೆಲೆ, ಮಲ್ಲಿಗೆ, ನಂಜನಗೂಡು ರಸಬಾಳೆಯ ಸಾಲಿಗೆ ಸೇರಿದ್ದು. ರುಸ್ತುಂ ಇರಾನಿ, ಫರೋಖ್ ಇರಾನಿ ಸೇರಿ ಕಟ್ಟಿದ ಐಡಿಯಲ್ ಜಾವಾ ಕಂಪನಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ ಇಲ್ಲಿಗೆ ಬಂದು, ಯಾದವಗಿರಿಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಊರಿನವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಅದು "ಜಾವಾ ಫ್ಯಾಕ್ಟ್ರಿ"ಯೇ. ಯಾವ ಬೀದಿಗೆ ಹೋದರೂ ಅಲ್ಲಿ ಕೆಲಸ ಮಾಡುವ ಒಬ್ಬ ಮಾವನೋ ಚಿಕ್ಕಪ್ಪನೋ ಇರುತ್ತಿದ್ದರು. ಬೈಕು ಕೆಟ್ಟರೆ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಅವರ ಮನೆ ಮುಂದೆ ತಳ್ಳಿಕೊಂಡು ಹೋಗಿ ನಿಂತರಾಯಿತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಮಾವಂದಿರು, ಚಿಕ್ಕಪ್ಪಂದಿರು ಸ್ವಂತ ಗ್ಯಾರೇಜು ಹಾಕಿದರು, ಕೆಲವರು ಆಟೊ ಓಡಿಸಿದರು, ಕೆಲವರು ಸುಮ್ಮನಾದರು.

ನನ್ನ ವಾರಿಗೆಯ ಹುಡುಗರಿಗೆ ಬೈಕಿನ ಹುಚ್ಚು ಹಿಡಿಸಿದ್ದರಲ್ಲಿ ರಾಜ್‌ಕುಮಾರ್ ಪಾಲು ದೊಡ್ಡದು. 1976ರ 'ನಾ ನಿನ್ನ ಮರೆಯಲಾರೆ'ಯಲ್ಲಿ ಅವರು ಬೈಕ್ ರೇಸಿನ ಸವಾರ. ಪಂಚೆಯುಟ್ಟ ರಾಜ್‌ಕುಮಾರರನ್ನು, ಕಿರೀಟ ತೊಟ್ಟ ರಾಜ್‌ಕುಮಾರರನ್ನು ನೋಡಿ ಬೆಳೆದಿದ್ದ ನಮಗೆ ಹ್ಯಾಂಡಲ್ ಮೇಲೆ ಬಗ್ಗಿದ ರಾಜ್‌ಕುಮಾರ್ ಸಿಕ್ಕಿದ್ದು ತಲೆ ಕೆಡಿಸಿಬಿಟ್ಟಿತು. ಲೆಕ್ಕ ಬಲ್ಲವರು ಆಮೇಲೆ ಬುದ್ಧಿ ಹೇಳಿದರು. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದಿತ್ತು. ಅದು ಲೀಟರಿಗೆ 80 ಕಿಲೋಮೀಟರು ಎನ್ನುತ್ತಿತ್ತು, ಇದು 30 ಕೊಟ್ಟರೆ ದೊಡ್ಡದು. ಎಲ್ಲ ಗೊತ್ತಿದ್ದೂ ನಾನು ಇದನ್ನೇ ಕೊಂಡೆ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮೈಲೇಜ್ ಕೇಳಿ ಬೈಕು ಕೊಳ್ಳುವವರನ್ನು ನಾನು ಇವತ್ತಿಗೂ ಪೂರ್ತಿ ನಂಬುವುದಿಲ್ಲ.

ಬೆಲೆಯ ಕಥೆ ಕೇಳಿ. ಫ್ಯಾಕ್ಟರಿ ಮುಚ್ಚಿ ಕೆಲವು ವರ್ಷಕ್ಕೆ ಯೆಜ್ಡಿಯ ಬೆಲೆ ಗುಜರಿಯವನ ತಕ್ಕಡಿಗೆ ಇಳಿಯಿತು. ಬಂದು ನೋಡಿದವನು ಎಂಜಿನ್ನಿನ ಸದ್ದು ಕೇಳಲಿಲ್ಲ, ಎಷ್ಟು ಕೆಜಿ ತೂಗೀತು ಎಂದು ಕಣ್ಣಳತೆ ಹಾಕಿದ. ಆಗ ನಾನು ಮಾರಲಿಲ್ಲ. ಬರುವ ದುಡ್ಡು ಅಷ್ಟು ನಾಚಿಕೆಗೇಡಿನದಾಗಿತ್ತು. 2018ರಲ್ಲಿ ಮಹೀಂದ್ರ ಬಳಗದವರು ಜಾವಾ ಹೆಸರಿಗೆ ಮರುಜೀವ ಕೊಟ್ಟು, 2022ರಲ್ಲಿ ಯೆಜ್ಡಿ ಹೆಸರಿನಲ್ಲೂ ಹೊಸ ಬೈಕು ಬಿಟ್ಟರು. ಅಷ್ಟು ಸಾಕಾಯಿತು. ಸಿಗ್ನಲ್ಲಿನಲ್ಲಿ ಗಡ್ಡದ ಹುಡುಗರು ನನ್ನ ಹಳೇ ಬೈಕಿಗೆ ಹೆಬ್ಬೆರಳೆತ್ತಿ ತೋರಿಸತೊಡಗಿದರು. ಬೆಲೆ ಏರಿತು, ಒಎಲ್ಎಕ್ಸಿನಲ್ಲಿ ಕೇಳುವ ಬೆಲೆಯಂತೂ ಇನ್ನೂ ಏರಿತು. ಈಗಲೂ ನಾನು ಮಾರಲಿಲ್ಲ, ಇನ್ನೂ ಏರಬಹುದಲ್ಲ! "ಇಳಿದ್ರೂ ಮಾರಲ್ಲ, ಏರಿದ್ರೂ ಮಾರಲ್ಲ, ಮತ್ತೆ ಯಾವಾಗ ಮಾರ್ತೀರಿ?" ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರ ಇರಬಹುದು, ನನ್ನಲ್ಲಿರಲಿಲ್ಲ.

"ಇಟ್ಕೊಳ್ಳೋದಾದ್ರೆ ನೆಟ್ಟಗೆ ಇಟ್ಕೊಳ್ಳಿ" ಎಂದಳು. ನ್ಯಾಯವಾದ ಮಾತು. ಮಂಡಿ ಮೊಹಲ್ಲಾದ ಭಾಯ್ ಹತ್ತಿರ ಹೋದೆ. ಭಾಯ್ ನನಗಿಂತ ಹತ್ತು ವರ್ಷ ದೊಡ್ಡವರು. ಯೆಜ್ಡಿ ಬಿಟ್ಟು ಬೇರೆ ಗಾಡಿಗೆ ಸ್ಪಾನರ್ ಇಡುವುದಿಲ್ಲ. ಇಡಬೇಕಾಗಿ ಬಂದರೆ ಮೊಮ್ಮಗನ ಕೈಲಿ ಇಡಿಸುತ್ತಾರೆ. ಗಾಡಿ ನಿಲ್ಲಿಸುವುದೆಂದರೆ ಸ್ಟ್ಯಾಂಡ್ ಹಾಕಿ ಕವರ್ ಹೊದಿಸುವುದು ಎಂದು ಜನ ತಿಳಿದಿರುತ್ತಾರೆ. ಭಾಯ್ ಪ್ರಕಾರ ಅದು ಗಾಡಿಯನ್ನು ಕೊಲ್ಲುವ ವಿಧಾನ.

"ಮೊದಲು ಆ ಪ್ಲಾಸ್ಟಿಕ್ ಕವರ್ ಬಿಸಾಕಿ ಸಾರ್. ಒಳಗೆ ಬೆವರುತ್ತೆ. ಹಳೇ ಕಾಟನ್ ಸೀರೆ ಹಾಕಿ." ಇಲ್ಲಿಂದ ಶುರುವಾಯಿತು. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಮರದ ತುಂಡು ಕೊಟ್ಟು ಎರಡು ಚಕ್ರವೂ ನೆಲ ಬಿಟ್ಟಿರಬೇಕು. ಇಲ್ಲದಿದ್ದರೆ ಟೈರು ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುತ್ತದೆ. ಬ್ಯಾಟರಿ ಕಳಚಿ ಮನೆಯೊಳಗೆ ಇಡಬೇಕು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ಅದು ಸಿಲಿಂಡರಿನ ಗೋಡೆಗೆಲ್ಲ ಹರಡಿ ರಿಂಗು ಕಚ್ಚಿಕೊಳ್ಳುವುದಿಲ್ಲ. ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಬೇಕು. ಎರಡು ಸೈಲೆನ್ಸರಿನ ಬಾಯಿಗೂ ಬಟ್ಟೆ ತುರುಕಬೇಕು, ಇಲಿ ಹಲ್ಲಿ ಹೋಗದ ಹಾಗೆ. "ತಿಂಗಳಿಗೊಂದ್ಸಲ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡೋ ಕೆಲಸ ಮಾತ್ರ ಬೇಡ ಸಾರ್. ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತೆ, ಒಳಗಿಂದ ತಿನ್ನುತ್ತೆ. ಮಾಡಿದ್ರೆ ನಂಜನಗೂಡಿಗಾದ್ರೂ ಹೋಗ್ಬನ್ನಿ."

ಟ್ಯಾಂಕಿನ ವಿಷಯಕ್ಕೆ ಬಂದಾಗ ಭಾಯ್ ಸ್ವಲ್ಪ ಸುಮ್ಮನಿದ್ದರು. ಮೊದಲೆಲ್ಲ ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ ಎನ್ನುತ್ತಿದ್ದವರು ಅವರೇ. ಗಾಳಿಗೆ ಜಾಗವಿಲ್ಲದಿದ್ದರೆ ತುಕ್ಕಿಗೂ ಜಾಗವಿಲ್ಲ ಎಂಬುದು ಲೆಕ್ಕ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಹೆಚ್ಚು ದಿನ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳನ್ನು ಈ ಪೆಟ್ರೋಲಿಗೆಂದು ಮಾಡಿದವರಿಲ್ಲ. ಮಂಡ್ಯದ ಕಬ್ಬಿಗೂ ಯಾದವಗಿರಿಯ ಬೈಕಿಗೂ ಹೀಗೊಂದು ವೈಮನಸ್ಯ ಹುಟ್ಟುತ್ತದೆಂದು 1988ರಲ್ಲಿ ಯಾರು ಊಹಿಸಿದ್ದರು? "ಈಗ ಒಣಗಿಸೋದೇ ವಾಸಿ" ಎಂದರು ಭಾಯ್. ಪೆಟ್ರೋಲೆಲ್ಲ ಇಳಿಸಿ, ಒಂದಿಷ್ಟು ಟೂ-ಟಿ ಆಯಿಲ್ ಹಾಕಿ, ಟ್ಯಾಂಕನ್ನು ಕಳಚಿ ಮಗು ತೂಗುವ ಹಾಗೆ ಆ ಕಡೆ ಈ ಕಡೆ ಆಡಿಸಿ ಒಳಮೈಗೆಲ್ಲ ಎಣ್ಣೆ ಹತ್ತಿಸಬೇಕು. ಮಾಡಿದೆ. ಮುಚ್ಚಳ ತೆಗೆದು ಮೊಬೈಲಿನ ಟಾರ್ಚ್ ಬಿಟ್ಟು ನೋಡಿದರೆ ಒಳಗೆ, ಟ್ಯಾಪಿನ ಪಕ್ಕ, ಚಹಾಪುಡಿ ಚೆಲ್ಲಿದಂತೆ ಕೆಂಪು ಹುಡಿ. ಹಳೇ ಪೆಟ್ರೋಲಿನ ಘಾಟಿಗೆ ಮೂಗು ಕಟ್ಟಿತು.

ಕೀಲಿ ಹಾಕಲು ಹೋದರೆ ಹೋಗಲಿಲ್ಲ. ಬಗ್ಗಿ ನೋಡಿದೆ. ಕೀಲಿ ತೂತಿಗೆ ಕುಂಬಾರ ಹುಳು ಮಣ್ಣು ಮೆತ್ತಿ ಮನೆ ಕಟ್ಟಿಬಿಟ್ಟಿತ್ತು. ಎಷ್ಟು ನಯವಾದ ಕೆಲಸ! ಅಂಚು ಎಲ್ಲಿ, ಮಣ್ಣು ಎಲ್ಲಿ ಎಂದು ಉಗುರಿಗೆ ಗೊತ್ತಾಗುತ್ತಿರಲಿಲ್ಲ. ಹೇರ್‌ಪಿನ್ನಿನಿಂದ ಕೆದಕಿದರೆ ಮೊದಲು ಒಣಮಣ್ಣು, ಆಮೇಲೆ ಹಸಿರು ಬಣ್ಣದ ಸಣ್ಣ ಸತ್ತ ಹುಳ, ಮರಿಗೆಂದು ತಾಯಿ ಕೂಡಿಟ್ಟ ಬುತ್ತಿ. ಅಪಾರ್ಟ್‌ಮೆಂಟಿನ ಅಷ್ಟೂ ವಾಹನಗಳಲ್ಲಿ ಇದೊಂದು ಕದಲುವುದಿಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಯಿತೋ. ಅಸೋಸಿಯೇಷನ್ನಿನ ಕಾರ್ಯದರ್ಶಿಗೂ ಅದಕ್ಕೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯ.

ಇಷ್ಟೆಲ್ಲ ಮಾಡಿ ಮುಗಿಸುವಾಗ ಒಂದು ಭಾನುವಾರ ಹೋಗಿತ್ತು. ಓಡಿಸಿದ್ದರೆ ಅದೇ ಹೊತ್ತಿನಲ್ಲಿ ಗುಂಡ್ಲುಪೇಟೆಗೆ ಹೋಗಿ ತಿಂಡಿ ತಿಂದು ಬರಬಹುದಿತ್ತು. ಸುಮ್ಮನೆ ನಿಲ್ಲಿಸುವುದಕ್ಕೆ ಬೇಡುವಷ್ಟು ಆರೈಕೆಯನ್ನು ಈ ಗಾಡಿ ಓಡುವಾಗ ಎಂದೂ ಬೇಡಿರಲಿಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಖಾಸಗಿ ವಾಹನದ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನೆಹರೂ ಕಾಲದ ಪಂಚವಾರ್ಷಿಕ ಯೋಜನೆಗಳನ್ನು ದೇಶ ಕೈಬಿಟ್ಟರೂ ನಮ್ಮ ಮನೆಯಲ್ಲಿ ನಡೆದೇ ಇದೆ: 2018, 2023, ಮುಂದಿನದು 2028. ಹೋದ ಸಲ ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿದರು. ಫ್ಯಾಕ್ಟರಿಯಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದಿದ್ದ ಅಂಕಿಗಳು, ಒಂದು ಕೊಂಚ ವಾಲಿಕೊಂಡು, ಬೂದುಬಣ್ಣದಲ್ಲಿ ಎದ್ದು ಬಂದವು. "ಚೆನ್ನಾಗಿ ಇಟ್ಟಿದ್ದೀರ" ಎಂದರು. ಆ ಒಂದು ಮಾತಿಗೆ ನಾನು ಗಾಡಿಯನ್ನು ಇನ್ನೈದು ವರ್ಷ ಇಟ್ಟುಕೊಳ್ಳಲು ತಯಾರಾದೆ. ಶುಲ್ಕ 2022ರಲ್ಲಿ 300 ರೂಪಾಯಿಯಿಂದ 1000ಕ್ಕೆ ಏರಿತ್ತು. 20 ವರ್ಷ ದಾಟಿದ ಬೈಕುಗಳಿಗೆ 2025ರಲ್ಲಿ ಅದು 2000 ಆಗಿದೆ. ಹಸಿರು ತೆರಿಗೆ ಬೇರೆ, ಎಮಿಷನ್ ಸರ್ಟಿಫಿಕೇಟ್ ಬೇರೆ. ರಸ್ತೆಗಿಳಿಸಬೇಕಾದರೆ ಥರ್ಡ್ ಪಾರ್ಟಿ ವಿಮೆ, ಈ ಸಿಸಿಗೆ ವರ್ಷಕ್ಕೆ 1366 ರೂಪಾಯಿ, ಜಿಎಸ್‌ಟಿ ಬಿಟ್ಟು.

ನನ್ನ ಭಾವಮೈದ ಲೆಕ್ಕಪರಿಶೋಧಕ. ಇವನ್ನೆಲ್ಲ ಕೂಡಿಸಿ, ನಾನು ವರ್ಷದಲ್ಲಿ ಓಡಿಸುವ ಕಿಲೋಮೀಟರಿನಿಂದ ಭಾಗಿಸಿ, "ಭಾವ, ಈ ರೇಟಿಗೆ ನೀವು ಟ್ಯಾಕ್ಸಿಯಲ್ಲಿ ಓಡಾಡಬಹುದು, ಏಸಿ ಹಾಕ್ಕೊಂಡು" ಎಂದ. 50 ವರ್ಷ ದಾಟಿದರೆ ಅದು ವಿಂಟೇಜ್ ಆಗುತ್ತದೆಂದು ಹೇಳಿದವನೂ ಅವನೇ. 2021ರ ಕೇಂದ್ರದ ನಿಯಮ ಅದು: ಹೊಸ ನೋಂದಣಿಗೆ 20,000 ರೂಪಾಯಿ, ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ನನ್ನದು ಆ ಪದವಿಗೇರುವುದು 2038ರಲ್ಲಿ, ನನ್ನ ಎಪ್ಪತ್ತನಾಲ್ಕನೇ ವಯಸ್ಸಿಗೆ. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೇನೂ ಕಾಣಲಿಲ್ಲ. ಪೆಟ್ರೋಲು ಮತ್ತು ರಿಪೇರಿ ಬಿಟ್ಟು ಬೇರೆ ಕೆಲಸಕ್ಕೆ ಅದು ಹೊರಗೆ ಹೋಗಿ ಎಷ್ಟೋ ಕಾಲವಾಯಿತು.

ಇದಾದ ಮೇಲೆ ನಾನೇ ಜಾಹೀರಾತು ಹಾಕಿದೆ. ಮಾರುವುದಕ್ಕಲ್ಲ, ಏನು ಕೇಳುತ್ತಾರೆ ನೋಡೋಣ ಎಂದು. ಹೀಗೆ ಹೇಳಿಕೊಂಡು ಜಾಹೀರಾತು ಹಾಕುವವರೇ ಬಹುಶಃ ನೂರಕ್ಕೆ ತೊಂಬತ್ತು.

ಬೆಂಗಳೂರಿನಿಂದ ಒಬ್ಬ ಹುಡುಗ ಬಂದ. ಸಾಫ್ಟ್‌ವೇರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟು ಕತ್ತರಿಸಿ, ಹ್ಯಾಂಡಲ್ ಇಳಿಸಿ, ಮಡ್‌ಗಾರ್ಡ್ ತೆಗೆದು ಕೆಫೆ ರೇಸರ್ ಮಾಡಿಸುತ್ತೇನೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಚಿತ್ರ ಚೆನ್ನಾಗಿಯೇ ಇತ್ತು. ಸೀರೆ ಗಾರ್ಡ್ ಏನು ಮಾಡುತ್ತೀಯಪ್ಪ ಎಂದೆ. "ಅದು ಬೇಕಾಗಲ್ಲ ಅಂಕಲ್, ನೀವೇ ಇಟ್ಕೊಳ್ಳಿ" ಎಂದ ಉದಾರವಾಗಿ. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ, ಗಾಡಿ ಮಾರಬೇಕೆಂದು ಅಷ್ಟು ದಿನ ಹೇಳಿದವಳು, ಒಳಗೆ ಹೋಗಿ ಕಾಫಿ ತರುವುದನ್ನೇ ಮರೆತಳು.

ಇನ್ನೊಬ್ಬರು ಬ್ರೋಕರ್. ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಕೊಡಿ, ಪಾರ್ಟಿ ಸಿಕ್ಕಿದಾಗ ಹೆಸರು ತುಂಬಿಕೊಳ್ಳುತ್ತೇನೆ ಎಂದರು. ಇದಕ್ಕೆ ಮಾತ್ರ ಯಾರೂ ಒಪ್ಪಬಾರದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ದುಡ್ಡು ಕೈಗೆ ಬಂದು, ಗಾಡಿ ಕಣ್ಣಿಂದ ಮರೆಯಾಗಿ, ಹೆಸರು ಮಾತ್ರ ನಮ್ಮ ಕೊರಳಿಗೆ ಉಳಿಯುವ ವ್ಯಾಪಾರ ಅದು.

ಮೂರನೆಯವರು ರಿಂಗ್ ರಸ್ತೆಯಲ್ಲಿ ಹೊಸ ಹೋಟೆಲ್ ತೆರೆಯುವವರು. ಎಲ್ಲರಿಗಿಂತ ಹೆಚ್ಚು ದುಡ್ಡು ಕೊಡುತ್ತೇನೆಂದರು. ಬಾಗಿಲಲ್ಲಿ ಎತ್ತರದ ಕಟ್ಟೆ ಕಟ್ಟಿ, ಲೈಟು ಬಿಟ್ಟು, ಅದರ ಮೇಲೆ ಯೆಜ್ಡಿ. ಗಿರಾಕಿಗಳು ಸೆಲ್ಫಿ ತೆಗೆದುಕೊಳ್ಳಲಿಕ್ಕೆ. "ಸ್ಟಾರ್ಟ್ ಆಗ್ದಿದ್ರೂ ಪರವಾಗಿಲ್ಲ ಸಾರ್, ಎಂಜಿನ್ ಇಲ್ದಿದ್ರೂ ನಡೆಯುತ್ತೆ" ಎಂದರು. ನನಗೆ ಅನುಕೂಲವಾಗಲಿ ಎಂದೇ ಹೇಳಿದ ಮಾತು. ಅಂದು ಸಂಜೆ ಬ್ಯಾಟರಿ ಜೋಡಿಸಿ, ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ, ಗಾಡಿಯನ್ನು ಹೊರಗೆ ತಳ್ಳಿಕೊಂಡು ಬಂದೆ.

ಯೆಜ್ಡಿ ಸ್ಟಾರ್ಟ್ ಮಾಡುವುದು ನೋಡಿದವರಿಗೆ ವಿಚಿತ್ರ. ಕಿಕ್ಕರ್ ಎಡಗಡೆ, ಗೇರೂ ಅದೇ ಸಲಾಕೆ. ಅದನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಕ್ಕೆ ತಂದರೆ ಗೇರು. ಮೊದಲು ಸ್ವಿಚ್ ಹಾಕದೆ ಒಂದೆರಡು ಸಲ ಸುಮ್ಮನೆ ಒತ್ತಿ ಪೆಟ್ರೋಲು ಎಳೆಸಬೇಕು. ಪಾದದ ಕೆಳಗೆ ಒಂದು ಕಡೆ ಬಿಗಿ ಸಿಗುತ್ತದೆ, ಅಲ್ಲಿಗೆ ತಂದು ನಿಲ್ಲಿಸಬೇಕು. ಆಮೇಲೆ ಸ್ವಿಚ್ ಹಾಕಿ, ಆಕ್ಸಿಲರೇಟರ್ ಒಂದೆಳೆಯಷ್ಟು ತಿರುವಿ, ಪೂರ್ತಿ ಮನಸ್ಸಿಟ್ಟು ಒಂದೇ ಒದೆತ. ಅರೆಮನಸ್ಸಿನಿಂದ ಒದ್ದರೆ ತಿರುಗಿ ಒದೆಯುತ್ತದೆ. ಮೀನಖಂಡದ ಮೇಲೆ ಗುರುತು ಇಲ್ಲದ ಯೆಜ್ಡಿ ಸವಾರ ಸುಳ್ಳುಗಾರ. ಗೇರು ಬದಲಿಸುವಾಗ ಕ್ಲಚ್ ಹಿಡಿಯಲೇಬೇಕೆಂದಿಲ್ಲ, ಸಲಾಕೆ ಒತ್ತಿದಾಗ ಒಳಗೆ ಕ್ಲಚ್ ತಾನೇ ಬಿಡುತ್ತದೆ. ಇವೆಲ್ಲ ಎಲ್ಲಿಯೂ ಬರೆದಿಟ್ಟಿಲ್ಲ. ಕಾಲು ಕಲಿತದ್ದು. ಹೋಟೆಲಿನ ಕಟ್ಟೆಯ ಮೇಲೆ ಇದು ಬೇಕಾಗಿಲ್ಲ, ಕೆಫೆ ರೇಸರಿಗೆ ಬಟನ್ ಸ್ಟಾರ್ಟ್ ಕೂರಿಸಲಾಗುತ್ತದೆಯೇ ಎಂದು ಆ ಹುಡುಗ ಕೇಳಿಯೂ ಇದ್ದ.

ಅಂದು ಸ್ಟಾರ್ಟ್ ಆಯಿತು. ನೀಲಿ ಹೊಗೆ ಎರಡನೇ ಮಹಡಿಯ ಬಾಲ್ಕನಿವರೆಗೂ ಏರಿತು. ವಾಟ್ಸಾಪ್ ಗುಂಪಿಗೆ ಈ ಸಲ ವಿಡಿಯೊ ಬಂತು. ನಾನು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದೆ. ಮಂಡಿ ಮರುದಿನ ತನ್ನ ಅಭಿಪ್ರಾಯ ತಿಳಿಸಿತು. ಅದೂ ಮಾರುವ ಬಣಕ್ಕೇ ಸೇರಿತು.

ಹೋದ ತಿಂಗಳು ಭಾಯ್ ಫೋನ್ ಮಾಡಿ ಹುಣಸೂರು ಕಡೆಯ ಒಬ್ಬ ಹುಡುಗನನ್ನು ಕಳಿಸಿದರು. ತಂಬಾಕು ಬೆಳೆಯುವ ಮನೆಯವನು, ಪಾಲಿಟೆಕ್ನಿಕ್ ಮುಗಿಸಿದ್ದಾನೆ. ಬಂದವನು ಬೆಲೆ ಕೇಳಲಿಲ್ಲ, ಫೋಟೊ ತೆಗೆಯಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಎಂಜಿನ್ನಿನ ಕೆಳಗೆ ಕೈ ಆಡಿಸಿ ಆಯಿಲ್ ಜಿನುಗಿದೆಯಾ ನೋಡಿದ. ಆಮೇಲೆ ತಲೆಯೆತ್ತಿ, "ಲೀಟರಿಗೆ ಎಷ್ಟು ಆಯಿಲ್ ಹಾಕ್ತೀರ ಸಾರ್? ನಲವತ್ತಾ, ಐವತ್ತಾ?" ಎಂದ. ಇಷ್ಟು ದಿನದಲ್ಲಿ ಬಂದ ಯಾರೂ ಕೇಳದ ಪ್ರಶ್ನೆ. ಐವತ್ತು ಮಿಲಿ ಎಂದೆ. ಹಾಗಾದರೆ ಪ್ಲಗ್ ಕಪ್ಪು ಕಟ್ಟುತ್ತಿರಬೇಕಲ್ಲ ಎಂದ. ಕಟ್ಟುತ್ತದೆ ಎಂದೆ. ಕಿಕ್ಕರ್ ಮೇಲೆತ್ತಿದ, ಬಿಗಿ ಹುಡುಕಿದ, ಒದ್ದ. ತಿರುಗಿ ಒದೆಯಿತು. ಕಾಲು ಉಜ್ಜಿಕೊಂಡು ನಕ್ಕು ಮತ್ತೆ ಒದ್ದ.

ಅವನು ಕೊಡುತ್ತೇನೆಂದದ್ದು ಹೋಟೆಲಿನವರು ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅದೂ ತಂಬಾಕಿನ ಹಣ ಬಂದ ಮೇಲೆ. ಭಾವಮೈದನಿಗೆ ಈ ಅಂಕಿ ಹೇಳಿಲ್ಲ. ಬರುವ ಭಾನುವಾರ ಹುಡುಗನ ಸೋದರಮಾವ ಬಂದು ಮಾತು ಮುಗಿಸುತ್ತಾರಂತೆ. ಆರ್‌ಟಿಒಗೆ ಇಬ್ಬರೂ ಒಟ್ಟಿಗೆ ಹೋಗಿ ಹೆಸರು ಬದಲಾಯಿಸುವುದೆಂದು ಷರತ್ತು ಹಾಕಿದ್ದೇನೆ.

ಅವನು ಹೊರಡುವಾಗ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿ ತೋರಿಸಿದೆ. ಫ್ಯಾಕ್ಟರಿ ಮುಚ್ಚಿದ ವರ್ಷ ಅಂಗಡಿ ಅಂಗಡಿ ಅಲೆದು ಕೂಡಿಟ್ಟ ಸ್ಪೇರ್‌ಗಳು: ಪಾಯಿಂಟ್ ಸೆಟ್ಟುಗಳು, ಕಂಡೆನ್ಸರ್, ಕ್ಲಚ್ ಪ್ಲೇಟು, ಕಾಗದದಲ್ಲಿ ಸುತ್ತಿದ ಪಿಸ್ಟನ್ ರಿಂಗು, ಕೇಬಲ್ಲು. ಹುಡುಗನ ಕಣ್ಣು ಅಗಲವಾಯಿತು. "ಬೆಲೆ ಇದೂ ಸೇರಿನಾ ಸಾರ್?"

"ಇಲ್ಲಪ್ಪ, ಇದು ಬೇರೆ. ಇದು ಸದ್ಯಕ್ಕೆ ಮಾರೋದಿಲ್ಲ."

ಅವನು ಹೋದ ಮೇಲೆ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲಾ ರೀ, ಬೈಕೇ ಇಲ್ಲದ ಮೇಲೆ ಈ ಪೆಟ್ಟಿಗೆ ಇಟ್ಕೊಂಡು ಏನ್ ಮಾಡ್ತೀರಿ?"

"ಕ್ಲಚ್ ಪ್ಲೇಟ್ ಸವೆಯುತ್ತಲ್ಲ" ಎಂದೆ. "ಆಗ ಬರ್ತಾನೆ. ಗಾಡಿ ತಗೊಂಡೇ ಬರ್ಬೇಕು, ಸುಮ್ನೆ ಕೊಡಲ್ಲ."